ದಿನಾ ಜನವರಿ ಒಂದು

ಗುಂಡಿ ಒತ್ತಿ, ಬಾಗಿಲಿಗೆ ನೀರು ಹಾಕಿ
ರಂಗೋಲಿ ಮುಗಿಸಿ ಒಳಗೆ ಬಂದರೂ
ಸುತ್ತುತ್ತಲೇ ಇರುತ್ತಿತ್ತು ಪರದೆಯ ಚಕ್ರ.
ಎದುರಂಗಡಿಯ ಹಾಲು ಎರಡು ಸಲ ಉಕ್ಕಿ
ಗೂಡಿನ ಮಾರುಕಟ್ಟೆಯಲ್ಲಿ ಮೊದಲ ಹರಾಜು ಮುಗಿದು
ಆಮೇಲೆ, ಮೈ ಮುರಿದುಕೊಂಡು,
ಏಳುತ್ತಿತ್ತು ನನ್ನ ಕಂಪ್ಯೂಟರು.
ಎದ್ದು ಹೇಳುತ್ತಿತ್ತು: ಇವತ್ತು
ಎರಡು ಸಾವಿರದ ಒಂಬತ್ತು, ಜನವರಿ ಒಂದು.

ದಿನಾ ಅದೇ.
ದಿನಾ ತಿದ್ದುತ್ತಿದ್ದೆ.
ಮರೆತ ಒಂದು ದಿನ
ಬಶೆಟ್ಟಹಳ್ಳಿಯವರ ಬಾಡಿಗೆ ಕರಾರಿಗೆ
ಯಾವ ಕಾಲದ್ದೋ ತಾರೀಖು ಬಿದ್ದು
ಛಾಪಾ ಕಾಗದದ ದುಡ್ಡು ನನ್ನ ಗಲ್ಲಾದಿಂದಲೇ ಹೋಯಿತು.

ಹೊಸದಕ್ಕೆ ಮೂವತ್ತೆಂಟು ಸಾವಿರ ಅಂದ ಶೋರೂಮಿನ ಹುಡುಗ.
ಕಂತಿದೆ ಮೇಡಂ ಅಂದ.
ಒಂದು ಪುಟ ಟೈಪಿಗೆ ನನಗೆ ಇಪ್ಪತ್ತು ರೂಪಾಯಿ.
ಸಾವಿರದ ಒಂಬೈನೂರು ಪುಟ
ಎಂದು ಚೀಟಿಯ ಹಿಂದೆ ಬರೆದು
ಹೊಡೆದುಹಾಕಿದೆ.

ನಯಾಜ್ ಬಂದ.
ಈ ಶಿಡ್ಲಘಟ್ಟದಲ್ಲೇ ಹದಿನಾರು ವರ್ಷ
ಕುದಿವ ನೀರಲ್ಲಿ ಗೂಡಿನ ಎಳೆಯ ತುದಿ ಹುಡುಕಿ
ಬೆರಳು ಬೆಳ್ಳಗೆ ಸುಲಿದುಕೊಂಡವನು;
ಘಟಕ ಮುಚ್ಚಿದ ಮೇಲೆ ಸ್ಕ್ರೂ ಡ್ರೈವರ್ ಹಿಡಿದವನು.
ಡಬ್ಬಿಯ ಪಕ್ಕೆ ಬಿಚ್ಚಿ ಇಣುಕಿ
‘ಅಕ್ಕಾ, ಇದರೊಳಗೆ ನಿಮ್ಮ ಬೀದೀನೇ ಇದೆಯಲ್ಲ’ ಅಂದ.
ಧೂಳು, ಜಿರಲೆ ಮೊಟ್ಟೆ, ಪಾರಿವಾಳದ ಪುಕ್ಕ,
ಮಗಳು ಮೂರನೇ ಕ್ಲಾಸಲ್ಲಿ ಕಳೆದ ಓಲೆಯ ತಿರುಪು.
ಬಣ್ಣ ಬಳಿಯುವ ಬ್ರಷ್ಷು, ಸೈಕಲ್ ಪಂಪು:
ಕಾಸಿಲ್ಲದೆ
ಅರ್ಧ ಕೆಲಸ ಅಲ್ಲಿಗೇ ಆಗಿತ್ತು.

ಆಮೇಲೆ ರಬ್ಬರು ಕೇಳಿದ.
ಮಗಳ ಜಾಮಿಟ್ರಿ ಡಬ್ಬಿಯಿಂದ ಕೊಟ್ಟೆ.
ರ‍್ಯಾಮಿನ ಚಿನ್ನದ ಹಲ್ಲುಗಳನ್ನು ಉಜ್ಜಿದ
ತಪ್ಪು ಉತ್ತರ ಅಳಿಸುವ ಹಾಗೆ.
ಪಕ್ಕದ ಖಾಲಿ ಸೀಳಿಗೆ ಇನ್ನೊಂದು ಕೂರಿಸಿದ,
ಯಾವುದೋ ಬ್ಯಾಂಕು ಎಸೆದದ್ದು, ಆರುನೂರು.
‘ಯಾರ್ಯಾರದೋ ಸಾಲ ಇದರಲ್ಲಿ ಉಳಿದಿರಲ್ಲ ತಾನೇ?’
‘ರ‍್ಯಾಮು ಅಕ್ಕಾ ಇದು. ಕರೆಂಟು ಹೋದರೆ
ಎಲ್ಲಾ ಮರೀತದೆ. ಪುಣ್ಯ ಮಾಡೈತೆ.’

ಹಳೇ ಡಿಸ್ಕಿನೊಳಗೆ ತಟ್ಟೆ ತಿರುಗಬೇಕು,
ಮುಳ್ಳು ಹುಡುಕಬೇಕು, ಅದಕ್ಕೇ ತಡ.
ಹೊಸದು ಮಡಿಸಿದ ಕರ್ಚೀಫಿನಷ್ಟು, ಹದಿನೇಳು ನೂರು.
ಅಲುಗಲ್ಲ, ಗರಗರ ಅನ್ನಲ್ಲ.
ಸದ್ದು ಮಾಡದವರು ದುಡಿಯುತ್ತಾರೆಂದು
ನಂಬೋದು ನನಗೆ ಸ್ವಲ್ಪ ಕಷ್ಟ.

ರಾತ್ರಿಯೆಲ್ಲ ಅದರಿಂದ ಇದಕ್ಕೆ ಹರಿದವು ಫೈಲು.
ನಾನೂ ಕೂತೆ, ನೋಡುತ್ತಾ.
ಕದಿರಪ್ಪ ಮದುವೆ ಫೈನಲ್.
ಕದಿರಪ್ಪ ಮದುವೆ ಫೈನಲ್ ಎರಡು.
ಕದಿರಪ್ಪ ಮದುವೆ ಕೊನೇ ಫೈನಲ್,
ಸೋದರಮಾವನ ಹೆಸರು ಸೇರಿಸಿದ್ದು.
ಮಗುವಿನ ನಾಮಕರಣ, ಅದಕ್ಕೂ ಮೂರು.
ಎಷ್ಟೋ ಹೊತ್ತಿನ ಮೇಲೆ
ಕದಿರಪ್ಪ ತಿಥಿ.
ಅದೊಂದು ಮಾತ್ರ
ಒಂದೇ ಸಲಕ್ಕೆ ಸರಿಯಾಗಿತ್ತು.
ಫೋಟೋ, ಮದುವೆ ಕಾರ್ಡಿನಿಂದಲೇ ಕತ್ತರಿಸಿದ್ದು.

ಬೆಳಗಿನ ಜಾವ ಬೋರ್ಡಿನ ಮೂಲೆಯಿಂದ
ರೂಪಾಯಿಯಂಥ ಒಂದು ಬಿಲ್ಲೆ ಎಬ್ಬಿಸಿದ ನಯಾಜ್.
‘ಈ ಸೆಲ್ಲು ಸತ್ತು ಎಷ್ಟು ವರ್ಷವೋ.
ಅದಕ್ಕೇ ತಾರೀಖು ನಿಲ್ಲುತ್ತಿರಲಿಲ್ಲ.’
ಎಷ್ಟು ಅದಕ್ಕೆ?
ಇಪ್ಪತ್ತೈದು.

ಇಷ್ಟು ವರ್ಷ, ದಿನಾ ಬೆಳಿಗ್ಗೆ
ಒಬ್ಬಳೇ ನಾನು, ಈ ಬೆರಳಲ್ಲಿ
ಒಂದೊಂದೇ ವರ್ಷ ಮುಂದಕ್ಕೆ ತಳ್ಳುತ್ತಿದ್ದೆನಲ್ಲ,
ಇಪ್ಪತ್ತೈದು ರೂಪಾಯಿಗೆ.
ನಗು ಬಂತು. ಪೂರ್ತಿ ಬರಲಿಲ್ಲ.

ಮಾರನೇ ದಿನ ಗುಂಡಿ ಒತ್ತಿ ತಂಬಿಗೆ ಎತ್ತಿಕೊಂಡೆ.
ಹೊಸ್ತಿಲು ದಾಟಿರಲಿಲ್ಲ, ಎದ್ದು ಕೂತಿತ್ತು
ಇವತ್ತಿನ ತಾರೀಖು ಇಟ್ಟುಕೊಂಡು.
ಇರು, ಅಂದೆ.
ರಂಗೋಲಿಗೆ ಎರಡು ಎಳೆ ಜಾಸ್ತಿ ಎಳೆದೆ.

ಕೂಲಿ ಬೇಡ ಅಂದಿದ್ದ ನಯಾಜ್,
ತಂಗಿಯ ಕಾರ್ಡು ಮಾಡಿಕೊಡಿ ಸಾಕು ಅಂದಿದ್ದ.
ಹೊಸ ಡಿಸ್ಕಿನ ಮೊದಲ ಫೈಲು ಅದೇ:
ರುಖಿಯಾ ನಿಕಾಹ್.
ಫೈನಲ್ ಅಂತ
ಬರೆಯಲಿಲ್ಲ.