ಬಿಟ್ಟ ಸ್ಥಳ

ದುರ್ಗಿಗುಡಿಯ ಝೆರಾಕ್ಸ್ ಅಂಗಡಿಯಲ್ಲಿ
ಕೆಟ್ಟ ಕಾಪಿಗಳು ನನ್ನವು.
ಓರೆಯಾದದ್ದು, ಮಸಿ ಕಕ್ಕಿದ್ದು,
ಅರ್ಧಕ್ಕೆ ಸಿಕ್ಕಿಕೊಂಡು ಬೀಸಣಿಗೆಯಂತೆ ಮಡಚಿ ಬಂದದ್ದು.
ಎಸೆ ಅನ್ನುತ್ತಾರೆ ಲಾರೆನ್ಸಣ್ಣ.
ನಾನು ಅವುಗಳ ಬೆನ್ನಿಗೆ ಲೆಕ್ಕ ಬರೆಯುತ್ತೇನೆ.

ನವುಲೆಯ ಕಾಲೇಜಿನಿಂದ ಮೆಹರೂನ್ ತಂದಳು
ನಲವತ್ತೆರಡು ಹಾಳೆ, ಎರಡೂ ಬದಿ, ಆರು ಪ್ರತಿ.
ಮಾತು ಕಲಿತ ಯಂತ್ರದ ಬಗ್ಗೆ ಅಕ್ಕ, ನಾಳೆ ಸೆಮಿನಾರು.
ಅವತ್ತೇ ಟೋನರ್ ಮುಗಿಯುತ್ತ ಬಂದಿತ್ತು.
ಒಂದೊಂದು ಪುಟದ ನಡುವೆಯೂ ಮೇಲಿಂದ ಕೆಳಗೆ
ಬಿಳಿಯ ಪಟ್ಟೆ,
ಬೈತಲೆ ತೆಗೆದ ಹಾಗೆ ನೇರ.
ಅದರ ದಾರಿಗೆ ಸಿಕ್ಕ ಪದಗಳೆಲ್ಲ ಮಾಯ.

ಒಂದು ಕಟ್ಟು ಪೂರ್ತಿ ಕೆಟ್ಟಿತು. ಹಾಗೆ ಅದು ನನ್ನದಾಯಿತು.

ಹತ್ತನೇ ಕ್ಲಾಸಿನ ಇಂಗ್ಲಿಷಿನಲ್ಲಿ ನನಗೆ ಇಪ್ಪತ್ತೊಂಬತ್ತು,
ಪಾಸಿಗೆ ಆರು ಕಮ್ಮಿ.
ಆ ಆರು ಎಲ್ಲಿ ಹೋದವು ಅಂತ ಈಗಲೂ ಗೊತ್ತು:
ಬಿಟ್ಟ ಸ್ಥಳ ತುಂಬಿರಿ.
ಗೆರೆಯ ಮೇಲೆ ಏನೂ ಬರೆಯದೆ
ಗೆರೆಯನ್ನೇ ಇನ್ನಷ್ಟು ದಪ್ಪಗೆ ತಿದ್ದಿ
ಎದ್ದು ಬಂದಿದ್ದೆ.

ಇನ್ನೂರು ಕಾಪಿಗೊಮ್ಮೆ ಮಿಷನ್ನು ಕಾಯುತ್ತದೆ,
ಕಾಲು ಗಂಟೆ ಸುಮ್ಮನೆ ಬಿಡಬೇಕು.
ಆ ಕಾಲು ಗಂಟೆಗಳಲ್ಲಿ ಓದಿದೆ, ಬೆರಳಿಟ್ಟು.
ಟೋಕನ್ ಗೊತ್ತಿತ್ತು. ಮೆಗ್ಗಾನ್ ಆಸ್ಪತ್ರೆಯಲ್ಲಿ
ಅಮ್ಮನ ಮಂಡಿಯ ಸಲುವಾಗಿ ಎಷ್ಟು ಟೋಕನ್ ಹಿಡಿದಿಲ್ಲ!
ಇಲ್ಲಿ ಪದವನ್ನೇ ತುಂಡರಿಸಿ ತುಂಡಿಗೊಂದು ಟೋಕನ್ ಅಂತೆ,
ಯಾವ ತುಂಡಿಗೂ ನಾಳೆ ಬಾ ಅನ್ನುವುದಿಲ್ಲವಂತೆ.
ಅಟೆನ್ಷನ್ ಅಂದರೆ ತೀರ್ಥಪ್ಪ ಮೇಷ್ಟ್ರ ಸೀಟಿಗೆ
ಎದೆ ಸೆಟೆಸಿ ನಿಲ್ಲುವುದು ಅಂದುಕೊಂಡಿದ್ದೆ.
ಅದಲ್ಲ. ಸಾಲಿನಲ್ಲಿ ಕೂತ ಪದ ಕತ್ತು ತಿರುಗಿಸಿ
ಉಳಿದವರಲ್ಲಿ ತನಗೆ ಬೇಕಾದವರು ಯಾರೆಂದು ನೋಡುವುದು.
ಮದುವೆಯ ಪಂಕ್ತಿಯಲ್ಲಿ ನಾವೆಲ್ಲ ಮಾಡುವುದು ಅದನ್ನೇ.

ಟೆಂಪರೇಚರ್ ಇಳಿಸಿದರೆ ಹೇಳಿದ್ದನ್ನೇ ಹೇಳುತ್ತದೆ,
ಏರಿಸಿದರೆ ಬಾಯಿಗೆ ಬಂದದ್ದು.
ಒಬ್ಬಳೇ ನಕ್ಕೆ. ಏನು, ಅಂದರು ಲಾರೆನ್ಸಣ್ಣ.
ಏನಿಲ್ಲ, ನಿಮ್ಮ ಮಿಷನ್ನು ಬಿಸಿಯಾಗಿದೆ ಅಂದೆ.

ಹ್ಯಾಲುಸಿನೇಷನ್ನಿಗೆ ನಿಘಂಟು ಭ್ರಮೆ ಎಂದಿತು.
ಹಾಳೆ ಹೇಳುವುದು ಬೇರೆ: ತಿಳಿಯದ್ದನ್ನು
ತಡವರಿಸದೆ ಹೇಳುವುದು.
ಓಹೋ, ಬಸ್‌ಸ್ಟ್ಯಾಂಡಿನ ಕಡಲೆಕಾಯಿ ಗಂಗಪ್ಪ!
ಹೊಸನಗರದ ಬಸ್ಸು ಯಾವಾಗ ಅಂತ ಕೇಳಿ ನೋಡಿ.
ಈಗ ತಾನೇ ಹೋಯ್ತಲ್ಲ, ಅನ್ನುತ್ತಾನೆ
ರೆಪ್ಪೆ ಕೂಡ ಅಲುಗದೆ.

ಹನ್ನೊಂದನೇ ಪುಟ.
ಯಂತ್ರ ಕಲಿತದ್ದು ಹೀಗೆ:
ವಾಕ್ಯದಲ್ಲೊಂದು ಪದ ಮುಚ್ಚಿ, ಊಹಿಸು ಅನ್ನುತ್ತಾರೆ.
ತಪ್ಪಿದರೆ ಎಷ್ಟು ತಪ್ಪಿತೆಂದು ಅಳೆದು ಹೇಳುತ್ತಾರೆ.
ಬೈಯುವುದಿಲ್ಲ.
ಮತ್ತೆ. ಮತ್ತೆ. ಕೋಟಿ ಸಲ ಮತ್ತೆ.

ಹಾಳೆ ಕೈಯಲ್ಲಿ ಹಾಗೇ ನಿಂತಿತು.
ಆ ವಾಕ್ಯಗಳ ನಡುವೆಯೂ ಬಿಳಿ ಪಟ್ಟೆ ಹಾದುಹೋಗಿತ್ತು.
ನಾನು ಅದನ್ನು ಕಾಣದೆಯೇ
ದಾಟಿ ಬಂದಿದ್ದೆ.

ಆಮೇಲೆ ಪೆನ್ಸಿಲು ತೆಗೆದೆ.
ಸಂಜೆ ಹೊಸ ಟೋನರ್ ಬಂದ ಮೇಲೆ
ಒಳ್ಳೆಯ ಪ್ರತಿಯ ಪಕ್ಕ ಇಟ್ಟು ತಾಳೆ ನೋಡಿದೆ.
ಹತ್ತಕ್ಕೆ ನಾಲ್ಕು ಸರಿ; ಅದರಲ್ಲೂ ಜಾಸ್ತಿ
ದಿ, ಆಫ್, ವಿತ್ ಎಂಬ ಚಿಲ್ಲರೆ.
ತಪ್ಪಿದ್ದನ್ನೆಲ್ಲ ಉಜ್ಜಿ ತಿದ್ದಿದೆ,
ಒಂದನ್ನು ಬಿಟ್ಟು.

ದಿ ಮಾಡೆಲ್ ಡಸ್ ನಾಟ್, ಆಮೇಲೆ ಬಿಳಿ.
ನಾನು ತುಂಬಿದ್ದು ಸ್ಲೀಪ್.
ಅಲ್ಲಿ ಇದ್ದದ್ದು ನೋ,
ಮುಂದೆ ಕೆ ಅಕ್ಷರವಿರುವ ನೋ.
ಮೊದಲ ಬೆಂಚಿನಲ್ಲೇ ಕೂತು ಬಾಯಿ ಬಿಡದ ಆ ಕೆ.
ಅದರ ಪಕ್ಕ ನಾನೂ ಮೂರು ವರ್ಷ ಕೂತಿದ್ದೆ.
ಯಂತ್ರಕ್ಕೆ ಗೊತ್ತಿಲ್ಲ, ಸರಿ. ನಿದ್ದೆಯೂ ಇಲ್ಲವಲ್ಲ ಅದಕ್ಕೆ!
ನನ್ನದು ಇರಲಿ ಅಂತ ಉಳಿಸಿದೆ.

ಬೆಳಿಗ್ಗೆ ಮೆಹರೂನ್ ಬಂದು ಆರು ಕಟ್ಟು ಎಣಿಸಿಕೊಂಡಳು.
ಏಳನೆಯದು ಕೌಂಟರಿನ ಕೆಳಗಿಂದ ಇಣುಕುತ್ತಿತ್ತು.
ಇದ್ಯಾರದ್ದಕ್ಕ, ಪೆನ್ಸಿಲಿನಲ್ಲಿ ಏನೇನೋ ಬರೆದಿದೆ?
ವೇಸ್ಟು, ಅಂದೆ,
ತಡವರಿಸದೆ.
ಐನೂರ ನಾಲ್ಕು ರೂಪಾಯಿ ಆಗಿತ್ತು.
ನಾಲ್ಕು ಬಿಟ್ಟೆ.