ಐದನೆಯ ಗೀಟು ಅಡ್ಡ

ಗಾಂಧಿನಗರದ ಆರನೇ ಕ್ರಾಸು, ಲಾಡ್ಜಿನ ಮೇಲಿನ ಮಹಡಿ.
ಮೇಜಿನ ಮೇಲೆ ಐದು ರೇಡಿಯೊ, ಐದಕ್ಕೂ ಬೇರೆ ಬೇರೆ ಬಣ್ಣದ ದಾರ,
ಐದೂ ಒಟ್ಟಿಗೇ ಮಾತಾಡುತ್ತಿದ್ದವು
ಮದುವೆಮನೆ ಚಿಕ್ಕಮ್ಮಂದಿರ ಹಾಗೆ.
ನಡುವೆ ನಾನು, ಒಂದು ಲೆಡ್ಜರು, ಒಂದು ಬಾಲ್‌ಪೆನ್ನು.

ಕೆಲಸ ಇಷ್ಟೆ: ಯಾವ ಹಾಡು, ಎಷ್ಟು ಸಲ.
ನಾಲ್ಕು ಗೀಟು ನಿಲ್ಲಿಸಬೇಕು, ಐದನೆಯದು ಅಡ್ಡ.
ಮೂವತ್ತು ಸೆಕೆಂಡು ದಾಟಿದರೆ ಒಂದು.
ಇಪ್ಪತ್ತೊಂಬತ್ತಕ್ಕೆ ಚಿನ್ನದಂಗಡಿಯವರು ನುಗ್ಗಿದರೆ
ಆಟಕ್ಕುಂಟು, ಲೆಕ್ಕಕ್ಕಿಲ್ಲ.
ಇದು ಪದ್ಮರಾಜಯ್ಯನವರ ಶಾಸನ.
ಶುಕ್ರವಾರ ಅವರು ಎಲ್ಲವನ್ನೂ ಕೂಡಿ
ಎಂಟು ಪುಟದ ವಾರಪತ್ರಿಕೆ ಮಾಡುತ್ತಿದ್ದರು.
ಜನ ಓದುವ ಪತ್ರಿಕೆಯಲ್ಲ. ಆಡಿಯೊ ಕಂಪನಿಯವರು,
ಪ್ರೊಡ್ಯೂಸರು, ಅವರ ಭಾವಮೈದ,
ಬೆರಳಿಟ್ಟು ಹುಡುಕುತ್ತಿದ್ದರು ತಮ್ಮದು ಎಷ್ಟನೆಯದೆಂದು,
ಎಸ್ಸೆಸ್ಸೆಲ್ಸಿ ರಿಸಲ್ಟಿನ ಹಾಗೆ.

ಒಂದು ಸಲ ಒಬ್ಬರು ಬಂದರು, ಸಫಾರಿ ಸೂಟು,
ಕೈಯಲ್ಲಿ ಒಂದು ಕೆ.ಜಿ. ಮೈಸೂರುಪಾಕು.
'ಮೂವತ್ತಾರು ಅಂತ ಹಾಕಿದೀರ ಸಾರ್.
ಕನ್ನಡದ ಆರಕ್ಕೂ ಒಂಬತ್ತಕ್ಕೂ ಏನು ಮಹಾ ವ್ಯತ್ಯಾಸ?
ಬಾಲ ಒಂಚೂರು ಆಕಡೆ ತಿರುಗಿಸಿದರೆ ಆಯ್ತು.'
ಪದ್ಮರಾಜಯ್ಯ ನಕ್ಕರು. ಡಬ್ಬ ಕೆಳಗಿನ ಪ್ರೆಸ್ಸಿಗೆ ಹೋಯಿತು.
ಆ ವಾರ ಅಚ್ಚಾದದ್ದು ೩೬ ಓ ೩೯ ಓ,
ಮಸಿ ಸ್ವಲ್ಪ ಹರಡಿತ್ತು. ಇವತ್ತಿಗೂ ನನಗೆ ಗೊತ್ತಿಲ್ಲ.

ಮನೆಯಲ್ಲಿ ಅನ್ನುತ್ತಿದ್ದರು: 'ನಿನಗೇನಮ್ಮ ಇಂದ್ರಾಣಿ,
ಸಂಬಳ ಕೊಟ್ಟು ಹಾಡು ಕೇಳಿಸ್ತಾರೆ.'
ಹೇಗೆ ಹೇಳಲಿ?
ಹಾಡು ಹೊಸಿಲು ದಾಟುವ ಮೊದಲೇ ಗುರುತು ಹಿಡಿಯುತ್ತಿದ್ದೆ:
ತಬಲಾದ ಎರಡು ಪೆಟ್ಟು, ಕೊಳಲಿನ ಒಂದು ಎಳೆ,
ಯಾರೋ ಉಸಿರೆಳೆದುಕೊಳ್ಳುವುದು.
ಮೂವತ್ತು ಎಣಿಸಿ, ಗೀಟು ಹಾಕಿ,
ಕಿವಿಯನ್ನು ಹಳದಿ ದಾರದಿಂದ ನೀಲಿ ದಾರಕ್ಕೆ ದಾಟಿಸಬೇಕು.
ಒಂಬತ್ತು ವರ್ಷ. ಒಂದು ಹಾಡಿನ ಚರಣವೂ
ನನ್ನ ಬಳಿ ಪೂರ್ತಿ ನಿಂತದ್ದಿಲ್ಲ.

ಆಮೇಲೆ ಮುಂಬಯಿಯಿಂದ ಒಂದು ಪೆಟ್ಟಿಗೆ ಬಂತು,
ಟಿಫಿನ್ ಕ್ಯಾರಿಯರ್‌ನಷ್ಟು. ನಿದ್ದೆಯಿಲ್ಲ, ಕಾಫಿ ಬೇಡ,
ಬೆಳಗಿನ ಜಾವ ಮೂರೂವರೆಗೆ ಹಾಕಿದ್ದನ್ನೂ ಬಿಡುವುದಿಲ್ಲ.
ಕೊನೆಯ ತಿಂಗಳ ಸಂಬಳಕ್ಕೆ ಬದಲು
ಕೆಂಪು ದಾರದ ರೇಡಿಯೊ ಕೊಟ್ಟರು ಪದ್ಮರಾಜಯ್ಯ,
ಜೊತೆಗೆ ತುಂಬದ ಲೆಡ್ಜರು.
'ಇಟ್ಕೊಳಮ್ಮ, ಹಾಲಿನ ಲೆಕ್ಕಕ್ಕಾಗತ್ತೆ.'

ಸಂಜೆ ಬಸ್ಸಿನಲ್ಲಿ, ತೊಡೆಯ ಮೇಲಿಟ್ಟು, ಕಿವಿ ತಿರುವಿದೆ.
ಬಂತು. ತಬಲಾದ ಎರಡು ಪೆಟ್ಟು, ಆ ಉಸಿರು.
ಇಪ್ಪತ್ತೆಂಟು, ಇಪ್ಪತ್ತೊಂಬತ್ತು, ಮೂವತ್ತು,
ಬೆರಳು ತಾನಾಗಿ ಸೀರೆಯ ಮೇಲೆ ಗೀಟೆಳೆಯಿತು.
ಆದರೆ ದಾಟಲು ಬೇರೆ ದಾರವಿರಲಿಲ್ಲ.
ಮೂವತ್ತೊಂದು ಆಯಿತು. ಮೂವತ್ತೆರಡು.
ಎರಡನೆಯ ಚರಣವೂ ಇತ್ತಂತೆ ಅದಕ್ಕೆ!
ಅಲ್ಲಿ ಅವಳ ದನಿ ಒಂದು ಕಡೆ ಒಡೆಯುತ್ತದೆ,
ರಿಪೇರಿ ಮಾಡದೆ ಹಾಗೇ ಬಿಟ್ಟಿದ್ದಾರೆ.

ನಿಜ ಹೇಳಬೇಕೆಂದರೆ ಹಾಡು ಅಂಥಾ ಚೆನ್ನಾಗೇನೂ ಇರಲಿಲ್ಲ.
ಶ್ರೀರಾಮಪುರದ ಸ್ಟಾಪು ಹೋಗಿಯೇ ಬಿಟ್ಟಿತ್ತು.
ಕಂಡಕ್ಟರ್ ಬೈದ,
ಮುಂದಿನ ಸ್ಟೇಜಿಗೆ ಎರಡು ರೂಪಾಯಿ ಜಾಸ್ತಿ ಕೇಳಿದ.
ಕೊಟ್ಟೆ.