ತೂಬಿನ ಬಳಿ ಟ್ಯೂಬು

ಗಾಜನೂರು ಬಿಟ್ಟು, ನಾಲೆಯ ಏರಿ ಮೇಲೆ
ಏಳನೇ ಮೈಲಿಗಲ್ಲು.
ಅಲ್ಲಿ ಸೈಕಲ್ಲಿನ ಹಿಂಗಾಲಿ
ನಿಟ್ಟುಸಿರು ಬಿಟ್ಟು ಕೂತಿತು.

ನೂಕುತ್ತ ನಡೆದೆ. ನಡೆದದ್ದಕ್ಕೇ ಕಂಡವು:
ಸೇತುವೆಯ ಕಲ್ಲಲ್ಲಿ ಅರ್ಧ ಸವೆದ ಇಸವಿ,
ಸೋಪಿನ ನೊರೆ ಆರದ ಮೆಟ್ಟಿಲು,
ಯಾರದೋ ಅವಸರ ಹೊತ್ತು ತೇಲಿಬಂದ ಒಂಟಿ ಚಪ್ಪಲಿ.
ಕೆಳಗೆ ತುಂಗೆ, ಬಂಡೆಗಳ ನಡುವೆ ತನ್ನ ಪಾಡಿಗೆ.
ಪಕ್ಕದಲ್ಲಿ ಅವಳದೇ ನೀರು,
ಲೆಕ್ಕಕ್ಕೆ ಸಿಕ್ಕು ನೆಟ್ಟಗೆ ನಡೆಯಲು ಕಲಿತದ್ದು.

ತೂಬಿನ ಕಟ್ಟೆಯ ಮೇಲೆ ನೀರುಗಂಟಿ ದಸ್ತಗೀರ್ ಸಾಬರು
ಬೀಡಿ ಆರಿಸಿ ಎದ್ದರು. "ಬಿಚ್ಚಮ್ಮ ಟ್ಯೂಬು."
ಅದ್ದಿ ಹಿಂಡಿದರು, ತಿರುಗಿಸಿ ಮತ್ತೆ ಹಿಂಡಿದರು.
ಗುಳುಗುಳು,
ಸಾಸಿವೆಯಷ್ಟು ತೂತು, ಒಂದೇ ಸಾಲು ಗುಳ್ಳೆ.

"ನಂದೂ ಇದೇ ಕಸುಬು, ಮೂವತ್ತೊಂದು ವರ್ಷ.
ಏರಿ ಎಲ್ಲಿ ಜಿನುಗುತ್ತೆ ಅಂತ ಹುಡುಕೋದು.
ಕಣ್ಣಿಗೆ ಬೀಳಲ್ಲ ಅದು.
ಅಂಗಾಲಿಗೆ ಗೊತ್ತಾಗುತ್ತೆ."

ತೇಪೆ ನನ್ನ ಚೀಲದಲ್ಲಿತ್ತು. ಪಂಪು ಮನೆಯಲ್ಲಿ.
ಇಬ್ಬರೂ ನಕ್ಕೆವು.
ಶಿವಮೊಗ್ಗದವರೆಗೂ ಇನ್ನು ಕಾಲೇ ಗತಿ;
ಚಪ್ಪಲಿ ಕಳಚಿ ಹ್ಯಾಂಡಲ್ಲಿಗೆ ಸಿಕ್ಕಿಸಿದೆ.

ಬಿಸಿ ಮಣ್ಣು, ಬಿಸಿ ಮಣ್ಣು, ಒಣಗಿದ ಸಗಣಿ,
ಬಿಸಿ ಮಣ್ಣು,
ಆಮೇಲೆ ಎಡಗಾಲಿಗೆ ಏನೋ ತಣ್ಣಗೆ.

ಸೈಕಲ್ ಅಲ್ಲೇ ಕೆಡವಿ
ಹಿಂದಕ್ಕೆ ತಿರುಗಿ ಕೂಗಿದೆ: "ಸಾಬ್ರೇ!"